ಕಲೆ ಹಾಕುವ ಕಲೆ

ಶ್ರಾವಣದ ಒಂದು ಭಾನುವಾರದ ಸಂಜೆ ನನ್ನ ಮರುತ್ ವಿಮಾನ ಸಿದ್ಧವಾಯಿತು. ಮೂಗಿನಿಂದ ಬಾಲದವರೆಗೆ 22 ಸೆಂಟಿಮೀಟರ್ ಉದ್ದ, ರೆಕ್ಕೆಯ ತುದಿಯಿಂದ ತುದಿಗೆ ಹನ್ನೆರಡೂವರೆ. ಮೈಗೆಲ್ಲ ಬೆಳ್ಳಿಯ ಬಣ್ಣ, ರೆಕ್ಕೆಯ ಮೇಲೆ ಕೇಸರಿ, ಬಿಳಿ, ಹಸಿರಿನ ವರ್ತುಲ. ದೇವರಿಗೆ ದೀಪ ಹಚ್ಚಿ ಬಂದ ಅಮ್ಮ ಮೇಜಿನ ಬಳಿ ನಿಂತು ಕನ್ನಡಕ ಸರಿಪಡಿಸಿಕೊಂಡು ನೋಡಿ, ‘ಚೆನ್ನಾಗಿದೆ, ಷೋಕೇಸಿನಲ್ಲಿಡು’ ಎಂದರು. ಮುಂದಿನ ಶನಿವಾರ ನಾನು ಅದೇ ವಿಮಾನವನ್ನು ಮುಂದಿಟ್ಟುಕೊಂಡು, ಒಂದು ಹಳೆಯ ಬಟ್ಟಲಲ್ಲಿ ಕಪ್ಪು ಕಂದು ಬಣ್ಣವನ್ನು ಟರ್ಪೆಂಟೈನಿನಲ್ಲಿ ಕದಡುತ್ತ ಕುಳಿತಿದ್ದುದನ್ನು ಕಂಡಾಗ ಅವರಿಗೆ ನಿಜವಾಗಿ ಬೇಸರವಾಯಿತು. ‘ಬೆಳಗಿಟ್ಟ ಪಾತ್ರೆಗೆ ಯಾರಾದರೂ ಮಸಿ ಬಳಿಯುತ್ತಾರೆಯೇ?’ ಎಂದು ಕೇಳಿ ಒಳಗೆ ಹೋದರು.

ಬಳಿಯುತ್ತಾರೆ. ಮಾದರಿ ವಿಮಾನ ಕಟ್ಟುವವರು ಅದನ್ನು ವೆದರಿಂಗ್ ಎನ್ನುತ್ತಾರೆ. ಬಣ್ಣ ಒಣಗಿದ ಮಾದರಿ ಎಷ್ಟೇ ಅಚ್ಚುಕಟ್ಟಾಗಿದ್ದರೂ ಜಾತ್ರೆಯ ಆಟಿಕೆಯಂತೆಯೇ ಕಾಣುತ್ತದೆ; ಬಿಸಿಲು, ಎಣ್ಣೆ, ಹೊಗೆ, ಮೆಕ್ಯಾನಿಕ್ಕನ ಪಾದ ಇವೆಲ್ಲ ಅದರ ಮೈಮೇಲೆ ಒಂದಿಷ್ಟು ಗುರುತು ಬಿಟ್ಟಾಗಲೇ ಅದು 72ನೆಯ ಒಂದು ಪಾಲಿಗೆ ಕುಗ್ಗಿದ ನಿಜವಾದ ಯಂತ್ರವೆಂದು ಕಣ್ಣು ಒಪ್ಪುತ್ತದೆ. ಈ ಕೆಲಸಕ್ಕೆ ಕನ್ನಡದಲ್ಲಿ ಹೆಸರು ಹುಡುಕುತ್ತ ಹೊರಟ ನನಗೆ ನಮ್ಮ ಭಾಷೆ ಅದನ್ನು ಮೊದಲೇ ಸಿದ್ಧಮಾಡಿಟ್ಟಿದೆ ಎನಿಸಿತು. ಕಸೂತಿಯೂ ಕಲೆಯೇ, ಬಿಳಿಯ ಅಂಗಿಯ ಮೇಲೆ ಬಿದ್ದ ಸಾರಿನ ಹನಿಯೂ ಕಲೆಯೇ. ಚದುರಿದ್ದನ್ನು ಒಂದೆಡೆ ಸೇರಿಸುವುದಂತೂ ಕಲೆಹಾಕುವುದೇ. ಆರು ತಿಂಗಳಿಂದ ಚೂರುಗಳನ್ನು ಕಲೆಹಾಕಿದ್ದ ನಾನು ಈಗ ಅದಕ್ಕೆ ಕಲೆ ಹಾಕಬೇಕಾಗಿತ್ತು.

ಬೇರೆ ಯಾವ ವಿಮಾನವನ್ನಾದರೂ ಆರಿಸಿಕೊಳ್ಳಬಹುದಾಗಿತ್ತು, ಆದರೆ ಬೆಂಗಳೂರಿನ ಎಚ್‌ಎಎಲ್ ವಿಮಾನ ಕಾರ್ಖಾನೆಯ ನೆರೆಯ ವಿಮಾನಪುರದ ಸುತ್ತಮುತ್ತ ಬೆಳೆದವನಿಗೆ ಮರುತ್ ನೆಂಟರ ಪೈಕಿ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಗಾಗಿ ಫೋಕೆವುಲ್ಫ್ 190 ಯುದ್ಧವಿಮಾನವನ್ನು ರೂಪಿಸಿದ್ದ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು, ಇಲ್ಲಿನ ಎಂಜಿನಿಯರುಗಳ ಜೊತೆ ಕೂತು ಬರೆದ ನಕ್ಷೆ ಇದು. ಭಾರತದಲ್ಲೇ ರೂಪುಗೊಂಡ ಮೊದಲ ಜೆಟ್ ಯುದ್ಧವಿಮಾನ. ನನಗೆ ಅತ್ಯಂತ ಪ್ರಿಯವಾದ ಸಂಗತಿಯೆಂದರೆ ಅದರ ಲೋಹದ ಮೈ ಸಿದ್ಧವಾಗುವ ಮೊದಲೇ, 1959ರಲ್ಲಿ, ಅದೇ ಆಕಾರದ, ಅದೇ ಗಾತ್ರದ ಒಂದು ಮರದ ಗ್ಲೈಡರನ್ನು ಇಲ್ಲಿ ಕಟ್ಟಿ, ಡಕೋಟಾ ವಿಮಾನದ ಬಾಲಕ್ಕೆ ಹಗ್ಗ ಬಿಗಿದು ಆಕಾಶಕ್ಕೆ ಎಳೆದೊಯ್ದು ಬಿಟ್ಟು ಪರೀಕ್ಷಿಸಿದ್ದು. ಅಂದರೆ ಆ ವಿಮಾನವೇ ಮೊದಲು ಮಾದರಿಯಾಗಿ ಹಾರಿತ್ತು. ನನ್ನ ಹವ್ಯಾಸವನ್ನು ಯಾರಾದರೂ ಮಕ್ಕಳಾಟವೆಂದರೆ ನಾನು ಈ ಗ್ಲೈಡರನ್ನು ಅವರ ಮುಂದೆ ತಂದು ನಿಲ್ಲಿಸುತ್ತೇನೆ. ಎಂಜಿನ್ ಹೊತ್ತ ಮರುತ್ ಮೊದಲ ಬಾರಿ ಮೇಲೆದ್ದದ್ದು 1961ರ ಜೂನ್ 17ರಂದು, ಪರೀಕ್ಷಾ ಪೈಲಟ್ ಸುರಂಜನ್ ದಾಸ್ ಅವರ ಕೈಯಲ್ಲಿ. 1970ರ ಜನವರಿಯಲ್ಲಿ ಮರುತ್‌ನ ಪರೀಕ್ಷಾ ಹಾರಾಟದಲ್ಲೇ ಅವರು ತೀರಿಕೊಂಡರು. ಅವರ ಹೆಸರಿನ ರಸ್ತೆಯಲ್ಲಿ ನಾವು ಸಂಜೆಯ ಹೊತ್ತು ಎತ್ತಿನ ಗಾಡಿಯ ವೇಗದಲ್ಲಿ ತೆವಳುತ್ತೇವೆ.

ವೇಗವೇ ಈ ವಿಮಾನದ ಕೊರಗು ಕೂಡ. ಶಬ್ದದ ಎರಡು ಪಟ್ಟು ವೇಗವನ್ನು ಮನಸ್ಸಿನಲ್ಲಿಟ್ಟು ಮೈ ಕೆತ್ತಿದರು, ಆ ಮೈಗೆ ತಕ್ಕ ಎಂಜಿನ್ ಮಾತ್ರ ಕೊನೆಗೂ ಬರಲಿಲ್ಲ. ಎರಡು ಆರ್ಫಿಯಸ್ ಎಂಜಿನ್‌ಗಳಲ್ಲಿಯೇ ಸಂಸಾರ ಸಾಗಿಸಬೇಕಾಯಿತು. ಆಂಜನೇಯನ ಅಪ್ಪನ ಹೆಸರಿಟ್ಟುಕೊಂಡು ಉಸಿರಿನ ಕೊರತೆಯಿಂದ ಬಳಲಿದ ವಿಮಾನ ಬೇರೊಂದಿರಲಾರದು. ಹಾಗಿದ್ದೂ 147 ಮರುತ್‌ಗಳು ತಯಾರಾದವು, 1967ರಿಂದ ವಾಯುಪಡೆಯ ಸೇವೆಗೆ ಸೇರತೊಡಗಿದವು, 1971ರ ಯುದ್ಧದಲ್ಲಿ ರಾಜಸ್ಥಾನದ ಮರಳಿನ ಮೇಲೆ ದುಡಿದವು, 1990ರ ಹೊತ್ತಿಗೆ ನಿವೃತ್ತವಾದವು.

ಕಟ್ಟುವ ಕಥೆಯನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅದರಲ್ಲಿ ಮುಕ್ಕಾಲು ಪಾಲು ಉಜ್ಜುವುದೇ. ಬಿಡಿಭಾಗಗಳ ಕಿಟ್ ರೆಸಿನ್ ಎಂಬ ಪ್ಲಾಸ್ಟಿಕ್ಕಿನಂಥ ವಸ್ತುವಿನದು, ಅದರ ಪುಡಿ ಶ್ವಾಸಕ್ಕೆ ಕೇಡು, ಆದ್ದರಿಂದ ಮುಖಕ್ಕೆ ಮಾಸ್ಕ್ ಕಟ್ಟಿ, ಬಚ್ಚಲಿನಲ್ಲಿ ನೀರು ಬಿಟ್ಟುಕೊಂಡು ಮರಳುಕಾಗದ ತಿಕ್ಕಬೇಕು. ಮರುತ್‌ನ ಒಡಲು ರೆಕ್ಕೆ ಸೇರುವಲ್ಲಿ ಒಳಕ್ಕೆ ಬಳುಕಿದೆ. ವೇಗ ಹೆಚ್ಚಿದಾಗ ಗಾಳಿಯ ತಡೆ ತಗ್ಗಲೆಂದು ಮಾಡಿದ ಸೊಂಟ ಅದು. ಎರಡು ಹೋಳುಗಳು ಕೂಡುವ ಸಂದು ಸರಿಯಾಗಿ ಆ ಸೊಂಟದ ಮೇಲೆಯೇ ಹಾದುಹೋಗುವುದರಿಂದ ಪುಟ್ಟಿ ತುಂಬುವುದು, ಉಜ್ಜುವುದು, ಪ್ರೈಮರ್ ಹೊಡೆದು ನೋಡಿದಾಗ ಕೂದಲೆಳೆಯಷ್ಟು ಬಿರುಕು ಕಾಣಿಸುವುದು, ಮತ್ತೆ ಪುಟ್ಟಿ ಹಿಡಿಯುವುದು, ಹೀಗೆ ಒಂದು ತಿಂಗಳು ಕಳೆಯಿತು. ಆಷಾಢದ ಒಂದು ಮಳೆಯ ದಿನ ಆತುರಪಟ್ಟು ವಾರ್ನಿಷ್ ಹೊಡೆದೆ. ಗಾಳಿಯ ತೇವಕ್ಕೆ ಅದು ಮಜ್ಜಿಗೆ ಚೆಲ್ಲಿದಂತೆ ಬಿಳಿಚಿಕೊಂಡಿತು; ಎಲ್ಲ ಕೆರೆದು ಮೊದಲಿನಿಂದ ಬಣ್ಣ ಹಚ್ಚಿದೆ.

ಕಲೆ ಹಾಕುವ ಕೆಲಸದ ಸೊಗಸೇ ಬೇರೆ. ಮೊದಲು ಮೈಗೆಲ್ಲ ಹೊಳಪಿನ ವಾರ್ನಿಷ್ ಹೊಡೆದು ಒಣಗಿಸಿಕೊಳ್ಳಬೇಕು. ಆಮೇಲೆ ನೀರಾದ ಎಣ್ಣೆಬಣ್ಣದಲ್ಲಿ ಅದ್ದಿದ ಸಣ್ಣ ಕುಂಚದ ತುದಿಯನ್ನು, ತಗಡುಗಳು ಕೂಡುವ ಗೆರೆಯ ಒಂದು ಮೂಲೆಗೆ ಸುಮ್ಮನೆ ತಾಗಿಸಿದರೆ ಸಾಕು. ಬಣ್ಣ ತಾನೇ ದಾರಿ ಹುಡುಕಿಕೊಂಡು ಗೆರೆಯುದ್ದಕ್ಕೂ ಓಡಿ, ಕವಲಿನಲ್ಲಿ ಒಂದು ಕ್ಷಣ ತಡೆದು, ಎರಡೂ ಕಡೆಗೆ ಹರಿದು ನಿಲ್ಲುತ್ತದೆ. ಬೇಸಿಗೆಯಲ್ಲಿ ತೋಟದ ಪಾತಿಗೆ ನೀರು ಬಿಟ್ಟವರಿಗೆ ಆ ಓಟದ ಸುಖ ಗೊತ್ತು. ಅರ್ಧ ಗಂಟೆ ಬಿಟ್ಟು, ಗೆರೆಯಾಚೆ ಉಳಿದದ್ದನ್ನು ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಬೇಕು, ಅದೂ ಮೂಗಿನಿಂದ ಬಾಲದ ಕಡೆಗೆ ಮಾತ್ರ, ಏಕೆಂದರೆ ಹಾರುವ ವಿಮಾನದ ಮೇಲೆ ಕೊಳೆಯೂ ಗಾಳಿಯ ದಿಕ್ಕಿಗೇ ಎಳೆದುಕೊಳ್ಳುತ್ತದೆ.

ಅಲ್ಲಿಗೆ ನಿಲ್ಲಿಸಬೇಕಾಗಿತ್ತು. ಕಲೆಯ ರುಚಿ ಹತ್ತಿದವನಿಗೆ ಕೈ ತಡೆಯುವುದು ಕಷ್ಟ. ಮೂಗಿನ ಅಕ್ಕಪಕ್ಕದ ನಾಲ್ಕು ಫಿರಂಗಿಗಳ ಬಾಯಿಗೆ ಇದ್ದಿಲ ಪುಡಿ ಸವರಿದೆ. ಚಕ್ರಗಳಿಗೆ ತುಳಸಿ ಕಟ್ಟೆಯ ಕೆಮ್ಮಣ್ಣನ್ನು ಜರಡಿ ಹಿಡಿದು ಅಂಟಿಸಿದೆ. ರೆಕ್ಕೆಗೆ ರಾಜಸ್ಥಾನದ ಧೂಳು ಬೇಕೆನಿಸಿ ಹಳದಿ ಸೀಮೆಸುಣ್ಣ ತೇಯ್ದೆ. ಹಳೆಯ ವಿಮಾನ ನಿಲ್ದಾಣದ ರಸ್ತೆಯ ಎಚ್‌ಎಎಲ್ ವಸ್ತುಸಂಗ್ರಹಾಲಯದ ಬಯಲಿನಲ್ಲಿ ನಿಂತ ಮರುತ್ ನೆನಪಾಗಿ, ಮಳೆನೀರು ಇಳಿದ ಉದ್ದ ಗೆರೆಗಳನ್ನೂ ಪಕ್ಕಗಳ ಮೇಲೆ ಎಳೆದೆ.

ಎದುರುಮನೆಯ ಹಿರಿಯರು ವಿಮಾನ ಕಾರ್ಖಾನೆಯ ತಗಡಿನ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಅವರನ್ನು ಕರೆದು ತೋರಿಸಿದೆ. ಅವರು ಮಾದರಿಯನ್ನು ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದು, ಬಹಳ ಹೊತ್ತು ತಿರುಗಿಸಿ ನೋಡಿ ಕೇಳಿದರು: ‘ಇದು ಯಾವ ವರ್ಷದ ವಿಮಾನ? ಮೇಲಿನಿಂದ ನೋಡಿದರೆ ಯುದ್ಧಕ್ಕೆ ಹೋಗಿ ಬಂದಂತಿದೆ, ಪಕ್ಕದಿಂದ ನೋಡಿದರೆ ಪಾರ್ಕಿನಲ್ಲಿ ನಿಂತಂತಿದೆ, ಚಕ್ರ ನೋಡಿದರೆ ಹೊಲ ಉತ್ತಂತಿದೆ.’

ನಾನು ನಕ್ಕೆ, ಆದರೆ ಮಾತು ನಾಟಿತ್ತು. ದುಡಿಮೆಯ ಕೊಳೆ ಬೇರೆ, ಬಿಡುವಿನ ಕೊಳೆ ಬೇರೆ. ಹಾರುವ ವಿಮಾನದ ಗುರುತುಗಳು ಗಾಳಿಯ ದಿಕ್ಕಿಗೇ, ಮೂಗಿನಿಂದ ಬಾಲದತ್ತ ಮಲಗಿರುತ್ತವೆ, ನಿಂತ ವಿಮಾನದವು ಮಳೆಯ ದಿಕ್ಕಿಗೆ ಕೆಳಮುಖವಾಗಿ ಇಳಿದಿರುತ್ತವೆ. ಅಡುಗೆ ಮಾಡುವವರ ಸೆರಗಿನ ಅರಿಸಿನಕ್ಕೂ ಪೆಟ್ಟಿಗೆಯಲ್ಲಿಟ್ಟ ಸೀರೆಯ ಮಡಿಕೆಯ ಹಳದಿಗೂ ಇರುವ ಅಂತರ ಇದು. ಎರಡನ್ನೂ ಒಂದೇ ಮೈಮೇಲೆ ಹೇರಿ ನಾನು ಆ ವಿಮಾನಕ್ಕೆ ಏಕಕಾಲದಲ್ಲಿ ಯೌವನವನ್ನೂ ಪಿಂಚಣಿಯನ್ನೂ ಕೊಟ್ಟಿದ್ದೆ. ಮೇಲಾಗಿ ಈಗಿನ ಮಾದರಿಗಾರರಲ್ಲಿ ಎಲ್ಲ ಗೆರೆಗಳಿಗೂ ಕಪ್ಪು ತುಂಬಿ ವಿಮಾನವನ್ನು ಚೌಕಾಬಾರದ ಮಣೆ ಮಾಡುವ ಒಂದು ಚಾಳಿಯಿದೆ. ಅದನ್ನು ನಾನು ಮನಸ್ಸಿನಲ್ಲೇ ಟೀಕಿಸುತ್ತಿದ್ದವನು, ಅದನ್ನೇ ಮಾಡಿ ಕುಳಿತಿದ್ದೆ. ‘ನಾವು ದಿನಾ ಒರೆಸುತ್ತಿದ್ದೆವಪ್ಪಾ’ ಎಂದರು ಹಿರಿಯರು, ತುಸು ನೊಂದವರಂತೆ. ಮತ್ತೆ ಮತ್ತೆ ಬಿಚ್ಚುವ ಮುಚ್ಚಳಗಳ ತಿರುಪಿನ ಸುತ್ತ, ಹತ್ತುವಾಗ ಕಾಲಿಡುವ ಜಾಗದಲ್ಲಿ ಒಂದಿಷ್ಟು ಸವೆತ, ಎಂಜಿನ್ನಿನ ಹೊಟ್ಟೆಯಡಿ ಎಣ್ಣೆಯ ಒಂದು ಎಳೆ, ಇಷ್ಟೇ ತಮಗೆ ನೆನಪಿರುವುದು ಎಂದು ಉಗುರಿನ ತುದಿಯಿಂದ ಆ ಜಾಗಗಳನ್ನು ಮುಟ್ಟಿ ತೋರಿಸಿದರು.

ಎಲ್ಲವನ್ನೂ ಒರೆಸಿದೆ. ನನ್ನದು 1967ರ ವಿಮಾನವೆಂದೂ, ಕಾರ್ಖಾನೆಯ ಕಾಂಕ್ರೀಟಿನ ಮೇಲೆ ನಿಂತು ವಾಯುಪಡೆಯ ಕರೆಗೆ ಕಾಯುತ್ತಿದೆಯೆಂದೂ ನಿಶ್ಚಯಿಸಿದೆ. ಮರಳಿಗೆ ಇನ್ನೂ ಕಾಲ ಬಂದಿಲ್ಲ, ಕೆಮ್ಮಣ್ಣಿಗೆ ಕಾಂಕ್ರೀಟಿನ ಮೇಲೆ ಕೆಲಸವಿಲ್ಲ. ಹಿರಿಯರು ತೋರಿಸಿದ ಆರು ಕಡೆ ಮಾತ್ರ ಪೆನ್ಸಿಲ್ಲಿನ ಸೀಸದ ಪುಡಿಯನ್ನು ಬೆರಳಿನಿಂದ ಸವರಿದೆ, ಹೊಟ್ಟೆಯಡಿ ಒಂದೇ ಒಂದು ಎಣ್ಣೆಯ ಎಳೆ ಬಿಟ್ಟೆ. ಆರು ತಿಂಗಳ ಕೆಲಸಕ್ಕಿಂತ ಆ ಎಳೆಯನ್ನು ಅಷ್ಟಕ್ಕೇ ನಿಲ್ಲಿಸುವುದು ನನಗೆ ಹೆಚ್ಚು ಕಷ್ಟವಾಯಿತು.

ಆಯುಧಪೂಜೆಯ ದಿನ ಸ್ಕೂಟರು, ಮಿಕ್ಸಿ, ಹೊಲಿಗೆ ಯಂತ್ರ, ಈಳಿಗೆಮಣೆಗಳ ಸಾಲಿನಲ್ಲಿ ಅಮ್ಮ ಮರುತ್ ವಿಮಾನವನ್ನೂ ಇಟ್ಟಿದ್ದರು. ನಾನು ನೋಡುವ ಹೊತ್ತಿಗೆ ಅದರ ಮೂಗಿನ ಮೇಲೆ ಒದ್ದೆ ಕುಂಕುಮದ ಬೊಟ್ಟೊಂದು ಕುಳಿತಿತ್ತು. ಹತ್ತಿಯ ಕಡ್ಡಿ ಹುಡುಕುತ್ತಿದ್ದಾಗ ಪ್ರಸಾದಕ್ಕೆಂದು ಬಂದ ಎದುರುಮನೆಯ ಹಿರಿಯರು ಬಗ್ಗಿ ನೋಡಿ, ‘ಒರೆಸಬೇಡ, ಕಾರ್ಖಾನೆಯಲ್ಲಿ ಹಬ್ಬದ ದಿನ ನಾವೂ ಇಡುತ್ತಿದ್ದೆವು’ ಎಂದರು. ಅಳೆದು ನೋಡಿದೆ: ನಾಲ್ಕು ಮಿಲಿಮೀಟರ್. 72ರಿಂದ ಗುಣಿಸಿದರೆ ಸುಮಾರು 29 ಸೆಂಟಿಮೀಟರ್, ಊಟದ ತಟ್ಟೆಯಷ್ಟು ಅಗಲ. ‘ಅಳತೆಯೂ ಸರಿಯಾಗಿದೆ’ ಎಂದು ಅವರು ಚರುಪು ಬಾಯಿಗೆ ಹಾಕಿಕೊಂಡರು. ಅಂದು ಮಳೆಯಿರಲಿಲ್ಲ. ಸಂಜೆ ಬಾಲ್ಕನಿಯಲ್ಲಿ ನಿಂತು ಬೊಟ್ಟಿನ ಮೇಲೆಯೇ ಅರೆಹೊಳಪಿನ ವಾರ್ನಿಷ್ ತೆಳುವಾಗಿ ಹೊಡೆದೆ, ಬಿಳಿಚಿಕೊಳ್ಳದೆ ಒಣಗಿತು.