ಡಿಸ್ಟಿಂಕ್ಟ್ ಎಂಬ ತೇಪೆ

ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆ ಎಸ್‌ಕ್ಯೂಎಲ್. ಅದರಲ್ಲಿ ನಾಲ್ಕೈದು ಟೇಬಲ್ ಜಾಯಿನ್ ಮಾಡಿ (ಅಂದರೆ ಹೊಂದುವ ಸಾಲುಗಳನ್ನು ಜೋಡಿಸಿ), ಮೇಲೊಂದು ಡಿಸ್ಟಿಂಕ್ಟ್ (ಒಂದೇ ಥರದ್ದು ಮತ್ತೆ ಮತ್ತೆ ಬಂದರೆ ಒಂದನ್ನಷ್ಟೇ ಉಳಿಸುವ ಪದ) ಹಾಕಿದ್ದು ಕಂಡರೆ ನನಗೆ ಅನುಮಾನ ಶುರು. ಬಹಳ ಸಲ ಅದು ತೇಪೆ. ನಾನೂ ಹಾಕಿದವನೇ, ಅದಕ್ಕೇ ಗೊತ್ತು.

ದಿನಸಿ ಅಂಗಡಿಯೊಂದರ ಬಿಲ್ಲಿಂಗ್ ಸಾಫ್ಟ್‌ವೇರ್. ಮೂರು ಟೇಬಲ್: ಬಿಲ್, ಬಿಲ್ಲಿನ ಸಾಮಾನು, ಗಿರಾಕಿ ಕಟ್ಟಿದ ಹಣ. ಒಂದು ಬಿಲ್ ತೆಗೆದುಕೊಳ್ಳಿ, ಮೊತ್ತ 1,000 ರೂಪಾಯಿ. ಅಕ್ಕಿ, ಬೇಳೆ, ಎಣ್ಣೆ ಅಂತ ಮೂರು ಸಾಲು. ಹಣ ಬಂದದ್ದು ಎರಡು ಕಂತಿನಲ್ಲಿ, ತಲಾ 500. ಮೂರು ಟೇಬಲ್ಲನ್ನೂ ಸೀದಾ ಜಾಯಿನ್ ಮಾಡಿದರೆ ಪ್ರತಿ ಸಾಮಾನಿಗೂ ಪ್ರತಿ ಕಂತು ಜೋಡಿಯಾಗಿ ಮೂರೆರಡಲ ಆರು ಸಾಲು. ಕಟ್ಟಿದ ಹಣ ಕೂಡಿದರೆ 3,000! ನಾನು ಬಲು ಜಾಣನ ಹಾಗೆ ಮೊತ್ತ ಕೂಡುವ ಸಮ್ ಒಳಗೆ ಡಿಸ್ಟಿಂಕ್ಟ್ ತುರುಕಿದೆ. ಈಗ 500 ಬಂತು. ಎರಡೂ ಕಂತು ಒಂದೇ ಮೊತ್ತ ಅಲ್ವಾ, ಒಂದನ್ನು ನುಂಗಿಬಿಟ್ಟಿತು. "ಉದ್ರಿ ತೀರಿಸಿದವರ ಹೆಸರಲ್ಲೂ ಬಾಕಿ ತೋರಿಸ್ತಿದೆಯಲ್ಲ ಸ್ವಾಮಿ" ಅಂತ ಅಂಗಡಿಯವರ ಫೋನ್ ಬಂದಾಗಲೇ ಗೊತ್ತಾಗಿದ್ದು.

ಮಾಡಬೇಕಿದ್ದದ್ದು ಇಷ್ಟೇ. ಕಂತುಗಳನ್ನು ಮೊದಲು ಬಿಲ್ ನಂಬರಿನ ಪ್ರಕಾರ ಕೂಡಿಕೊಳ್ಳುವುದು. ಸಾಮಾನನ್ನೂ ಹಾಗೇ. ಈಗ ಒಂದು ಬಿಲ್ಲಿಗೆ ಎರಡು ಕಡೆಯೂ ಒಂದೊಂದೇ ಸಾಲು, ಆಮೇಲೆ ಜಾಯಿನ್. ಲೆಕ್ಕ ಸರಿಯಾಗುತ್ತದೆ. ಬೇಡದ ಸಾಲು ಹುಟ್ಟಿಸಿ ಮತ್ತೆ ಬಿಸಾಡುವ ಕೆಲಸವೂ ಡೇಟಾಬೇಸ್‌ಗೆ ತಪ್ಪುತ್ತದೆ. ಒಂದು ಎಚ್ಚರ: ಇವತ್ತಿನ ಬಿಲ್ ಮಾತ್ರ ಸಾಕಿದ್ದರೆ, ಕೂಡುವ ಮುಂಚೆಯೇ ಇವತ್ತಿನದನ್ನು ಆರಿಸಿಕೊಳ್ಳಿ. ಇಲ್ಲದಿದ್ದರೆ ಹತ್ತು ವರ್ಷದ ಕಂತನ್ನೆಲ್ಲ ಕೂಡುತ್ತಾ ಕೂರಬಹುದು.

ಕ್ವೆರಿ, ಅಂದರೆ ಡೇಟಾಬೇಸ್‌ಗೆ ಕೇಳಿದ ಪ್ರಶ್ನೆ, ನಿಧಾನ ಅಂದ ಕೂಡಲೇ ಎಲ್ಲರೂ ಇಂಡೆಕ್ಸ್ (ಬೇಕಾದ ಸಾಲನ್ನು ಬೇಗ ಹುಡುಕಿಕೊಡುವ, ಪುಸ್ತಕದ ಪದಸೂಚಿಯಂಥದ್ದು) ಹಾಕು ಅನ್ನುತ್ತಾರೆ. ಬೇಕು, ಇಲ್ಲ ಅನ್ನಲ್ಲ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿ ಫಾರಿನ್ ಕೀ (ಇನ್ನೊಂದು ಟೇಬಲ್ಲಿನ ಸಾಲಿಗೆ ಕೊಂಡಿ) ಕೊಟ್ಟ ಮಾತ್ರಕ್ಕೆ ಆ ಕಾಲಂಗೆ ಇಂಡೆಕ್ಸ್ ಬರುವುದಿಲ್ಲ, ನಾವೇ ಹಾಕಬೇಕು. ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್‌ನ ಇನ್ನೋಡಿಬಿ (ಡೇಟಾ ಇಡುವ ಅದರ ಎಂಜಿನ್) ತಾನೇ ಹಾಕಿಕೊಳ್ಳುತ್ತದೆ. ಅದರಲ್ಲಿ ಪಳಗಿದವರು ಪೋಸ್ಟ್‌ಗ್ರೆಸ್‌ಗೆ ಬಂದು ಎಡವುತ್ತಾರೆ. ದಿನಾಂಕಕ್ಕೆ ಇಂಡೆಕ್ಸ್ ಇದ್ದೂ, ಅದರಿಂದ ವರ್ಷ ಕಿತ್ತು 2024 ಹೌದಾ ಅಂತ ಕೇಳಿದರೆ ಆ ಇಂಡೆಕ್ಸ್ ಸಾಮಾನ್ಯವಾಗಿ ಸುಮ್ನೆ ಕೂತಿರುತ್ತದೆ. 2024ರ ಜನವರಿ 1ರಿಂದ, 2025ರ ಜನವರಿ 1ಕ್ಕಿಂತ ಮುಂಚೆ ಅಂತ ಕೇಳಿ, ಎದ್ದು ಬರುತ್ತದೆ.

ಆದರೆ ನನ್ನ ಆ 500ರ ತಪ್ಪನ್ನು ಯಾವ ಇಂಡೆಕ್ಸೂ ಸರಿ ಮಾಡುತ್ತಿರಲಿಲ್ಲ. ತಪ್ಪು ಲೆಕ್ಕ ಇನ್ನೂ ಬೇಗ ಬರುತ್ತಿತ್ತು, ಅಷ್ಟೇ.

ಆ ಅಂಗಡಿಯವರು ಈಗಲೂ ತಿಂಗಳ ಕೊನೆಗೆ ನನ್ನ ರಿಪೋರ್ಟನ್ನು ತಮ್ಮ ಉದ್ರಿ ಪುಸ್ತಕದ ಜೊತೆ ತಾಳೆ ನೋಡುತ್ತಾರೆ. ಬೇಡ ಅನ್ನಲು ನನಗೆ ಬಾಯಿಲ್ಲ.