ಮೂರು ದಶಮಾಂಶದ ನೀರು

ಮಾನ್ವಿ ಸೀಮೆಯ ನಮ್ಮ ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕಕ್ಕೆ ಮೊನ್ನೆ ಹೊಸದಾಗಿ ನೀಲಿ ಬಣ್ಣ ಬಳಿದು ಎರಡನೆಯ ಸಲ ಉದ್ಘಾಟನೆ ನೆರವೇರಿಸಲಾಯಿತು. ಉದ್ಘಾಟನೆಯ ದಿನ ನೀರು ಬರುವುದು ವಾಡಿಕೆ. ಆ ವಾಡಿಕೆಗೆ ಈ ಸಲವೂ ಭಂಗ ಬರಲಿಲ್ಲ. ಐದನೆಯ ದಿನ ನನ್ನ ಐದು ರೂಪಾಯಿಯ ನಾಣ್ಯವನ್ನು ನುಂಗಿದ ಯಂತ್ರ ಗೊರ್ರೆಂದು ತೇಗಿ ಸುಮ್ಮನಾಯಿತು. ಹಿಂದೆ ನಿಂತಿದ್ದ ಅಜ್ಜಿಯೊಬ್ಬರು ಖಾಲಿ ಕ್ಯಾನನ್ನು ಅಡ್ಡ ಮಲಗಿಸಿ ಅದರ ಮೇಲೆಯೇ ಕುಳಿತರು. ಅನುಭವವೆಂದರೆ ಅದು.

ಕೆಡದೆ ಇದ್ದಾಗ ಈ ಘಟಕ ಮಾಡುವ ಕೆಲಸವೂ ಸಾಮಾನ್ಯದ್ದಲ್ಲ. ಬೋರ್‌ವೆಲ್ಲಿನ ಫ್ಲೋರೈಡನ್ನು ಸೋಸಿ ತೆಗೆದು, ಅದನ್ನೆಲ್ಲ ಹೊತ್ತ ಉಳಿಕೆ ನೀರನ್ನು ಮೋರಿಗೆ ಬಿಡುತ್ತದೆ. ಮೋರಿ ಅದನ್ನು ನೆಲಕ್ಕೆ ಇಂಗಿಸುತ್ತದೆ, ನೆಲ ಬೋರ್‌ವೆಲ್ಲಿಗೆ ಮುಟ್ಟಿಸುತ್ತದೆ. ಪಡೆದದ್ದನ್ನು ಪಡೆದಲ್ಲಿಗೇ ಒಪ್ಪಿಸುವ ಇಂಥ ಪ್ರಾಮಾಣಿಕತೆ ಗುತ್ತಿಗೆ ಕಾಮಗಾರಿಗಳಲ್ಲಿ ಬಹಳ ಅಪರೂಪ.

ಹಾಗೆಂದು ನಮ್ಮಲ್ಲಿ ಅಳತೆ ಬಲ್ಲವರಿಲ್ಲವೆಂದು ಭಾವಿಸಬಾರದು. ಕಟ್ಟಿದಾಗ ಸುಮಾರು 133 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ, ಹೂಳು ತುಂಬಿದ ಮೇಲೆ 105.788 ಟಿಎಂಸಿ ಹಿಡಿಯುತ್ತದೆಂದು ದಾಖಲೆಯಾಯಿತು. ಆ ಮೂರನೆಯ ದಶಮಾಂಶವನ್ನು ಕಂಡಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ. ಅಲ್ಲಿ ಒಂದೇ ಒಂದು ಅಂಕಿ ಏರುಪೇರಾದರೆ ಸುಮಾರು 2.83 ಕೋಟಿ ಲೀಟರ್, ಅಂದರೆ ಜಲ ಜೀವನ್ ಮಿಷನ್ನಿನ ತಲೆಗೆ 55 ಲೀಟರ್ ಲೆಕ್ಕದಲ್ಲಿ ಐದು ಲಕ್ಷ ಜನರ ಒಂದು ದಿನದ ನೀರು. ಹೊಳೆಗೆ ಹಾಕಿದರೂ ಅಳೆದು ಹಾಕು ಎಂಬ ಗಾದೆಯನ್ನು ನಮ್ಮವರು ಶಿರಸಾವಹಿಸಿ ಪಾಲಿಸುತ್ತಾರೆ: 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟು ಚೈನು ತುಂಡಾಗಿ ಕೊಚ್ಚಿಹೋದಾಗಲೂ, ಹೊಳೆಗೆ ಹರಿದದ್ದು ಎಷ್ಟು ಕ್ಯುಸೆಕ್ ಎಂಬ ಲೆಕ್ಕ ಮಾತ್ರ ತಪ್ಪಲಿಲ್ಲ. ಗೇಟು ಹೋಯಿತು, ದಶಮಾಂಶ ಉಳಿಯಿತು.

ಅಳತೆ ತಪ್ಪುವುದು ನೀರು ನಲ್ಲಿಗೆ ಇಳಿದ ಮೇಲೆ. 2022ರಲ್ಲಿ ರಾಯಚೂರು ನಗರದಲ್ಲಿ ಜನ ನಲ್ಲಿಯ ನೀರು ಕುಡಿದು ವಾಂತಿಭೇದಿಯಿಂದ ಆಸ್ಪತ್ರೆ ಸೇರಿ, ಕೆಲವರು ಪ್ರಾಣ ಬಿಟ್ಟರು. ಬಡಗಣಕ್ಕೆ ಕೃಷ್ಣೆ, ತೆಂಕಣಕ್ಕೆ ತುಂಗಭದ್ರೆ, ನಡುವಿನ ಊರಿನವರು ನೀರು ಕುಡಿದು ಸತ್ತರು. ಇದನ್ನು ವಿಡಂಬನೆಯಾಗಿ ಬರೆಯಲು ನನಗೆ ಬರುವುದಿಲ್ಲ. ಬಾಟಲಿಯಲ್ಲಿ ತುಂಬಿ ಪ್ರಯೋಗಾಲಯಕ್ಕೆ ಕಳಿಸಬೇಕಾಗಿದ್ದ ನೀರನ್ನು ಜನರ ಹೊಟ್ಟೆಯಲ್ಲಿ ಪರೀಕ್ಷಿಸಿದವರ ಮೇಲೆ ಇವತ್ತಿಗೂ ಸಿಟ್ಟಿದೆ, ಅಷ್ಟೆ.

"ರೊಕ್ಕನಾದ್ರೂ ತಿರುಗಿ ಬರ್ತದೇನಪ್ಪ?" ಎಂದು ಅಜ್ಜಿ ಕುಳಿತಲ್ಲಿಂದಲೇ ಕೇಳಿದರು. ನಾಣ್ಯ ಮರಳಿ ಬೀಳುವ ಕಿಂಡಿಗೆ ಬೆರಳು ಹಾಕಲು ಹೋದೆ. ಉದ್ಘಾಟನೆಯ ನೀಲಿ ಬಣ್ಣ ಅದನ್ನು ಭದ್ರವಾಗಿ ಮುಚ್ಚಿತ್ತು.