ನಂದು ಓಡ್ತಿದೆ

ಮೊನ್ನೆ ನಾಲ್ಕು ಜನ ಸ್ನೇಹಿತ್ರು ಸೇರಿದ್ವಿ, ಮಾತು ಹೆಂಗೋ ಕಾರಿನ ಕಡೆ ತಿರುಗ್ತು. ಒಬ್ಬ ತನ್ನ ಹಳೇ ಜೀಪು ನಡುರಾತ್ರಿ ಕಾಡಿನ ದಾರೀಲಿ ನಿಂತುಹೋಗಿ, ಬೆಳಗಿನ ತನಕ ಅದರೊಳಗೇ ಮುದುರ್ಕೊಂಡು ಮಲಗಿದ್ದ ಕಥೆ ಹೇಳ್ದ. ಇನ್ನೊಬ್ಬನ ಕಾರಿನ ಸನ್‌ರೂಫ್ ಅರ್ಧಕ್ಕೇ ಸಿಕ್ಕಾಕ್ಕೊಂಡು, ಜಡಿಮಳೇಲಿ ಹೆಂಡತಿ ಕಾರೊಳಗೆ ಕೊಡೆ ಹಿಡ್ಕೊಂಡು ಕೂತಿದ್ಲಂತೆ. ಎಲ್ರೂ ಬಿದ್ದು ಬಿದ್ದು ನಕ್ರು. ಆಮೇಲೆ ನನ್ನ ಕಡೆ ತಿರುಗಿ "ನಿಂದು ಹೆಂಗಿದೆ?" ಅಂದ್ರು. "ನಂದು ಓಡ್ತಿದೆ" ಅಂದೆ. ಮುಂದೆ ಏನಾದ್ರೂ ಬರುತ್ತೇನೋ ಅಂತ ಒಂದು ಕ್ಷಣ ಕಾದ್ರು. ಬರ್ಲಿಲ್ಲ. ಮಾತು ಮೊಣಕಾಲು ನೋವಿನ ಕಡೆ ಹೋಯ್ತು.

ನಂದು ಒಂದು ಬೂದು ಬಣ್ಣದ ಸೆಡಾನ್. ಹನ್ನೊಂದು ವರ್ಷ ಆಯ್ತು. ಯಾವ ಕಂಪನಿ ಅಂತ ಹೇಳಲ್ಲ, ಹೇಳಿದ್ರೂ ನೀವು "ಓ ಅದಾ" ಅಂದು ಸುಮ್ಮನಾಗ್ತೀರಿ. ಮುಂದೆ ಇಂಜಿನ್‌ಗೊಂದು ಡಬ್ಬ, ಮಧ್ಯೆ ನಮಗೊಂದು ಡಬ್ಬ, ಹಿಂದೆ ಲಗೇಜಿಗೊಂದು ಡಬ್ಬ. ಚಿಕ್ಕ ಮಕ್ಕಳಿಗೆ ಕಾರು ಬರಿ ಅಂದ್ರೆ ಇದನ್ನೇ ಬರೀತಾರೆ, ನಡುವೆ ಒಂದು ಉಬ್ಬು, ಎರಡೂ ಕಡೆ ತಗ್ಗು, ಕೆಳಗೆ ಎರಡು ಸೊನ್ನೆ. ಡಿಸೈನ್ ಮಾಡಿದೋರೂ ಅಲ್ಲಿಗೇ ಪೆನ್ಸಿಲ್ ಕೆಳಗಿಟ್ಟು ಮನೆಗೆ ಹೋಗಿರ್ಬೇಕು ಅಂತ ನನಗೊಂದು ಅನುಮಾನ.

ಸೆಡಾನ್ ಅನ್ನೋ ಹೆಸರಿಗೆ ಮಾತ್ರ ಸ್ವಲ್ಪ ಗತ್ತಿದೆ. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಪೆಟ್ಟಿಗೆಯಂಥ ಮುಚ್ಚಿದ ಕುರ್ಚಿಗೆ ಎರಡು ಉದ್ದದ ಕೋಲು ಸಿಕ್ಕಿಸಿ ಮುಂದೊಬ್ಬ ಹಿಂದೊಬ್ಬ ಹೊತ್ಕೊಂಡು ಹೋಗ್ತಿದ್ರು, ಮೇನೆ ಇದ್ದಂಗೆ, ಅದಕ್ಕೆ ಸೆಡಾನ್ ಚೇರ್ ಅಂತಿದ್ರು. ಒಳಗೆ ಕೂತ ದೊಡ್ಡ ಮನುಷ್ಯರ ಚಿತ್ರ ಇರುತ್ತೆ, ಹೊತ್ತೋರ ಹೆಸರು ಎಲ್ಲೂ ಇರಲ್ಲ. ನನ್ನ ಕಾರು ಹೊತ್ತೋರ ವಂಶದ್ದು.

ಈ ಜಾತಿ ಕಾರುಗಳಿಗೆಲ್ಲ ಹಿರಿಯಣ್ಣ ಅಂದ್ರೆ ಟೊಯೋಟಾ ಕೊರೊಲ್ಲಾ, 1966ರಲ್ಲಿ ಬಂದಿದ್ದು. ಕೊರೊಲ್ಲಾ ಅಂದ್ರೆ ಲ್ಯಾಟಿನ್‌ನಲ್ಲಿ ಪುಟ್ಟ ಕಿರೀಟ ಅಂತ, ಹೆಸರಿಡೋರಿಗೆ ಆಸೆ ಯಾವತ್ತೂ ಜಾಸ್ತಿನೇ. ಅದನ್ನ ರೂಪಿಸಿದ ಮುಖ್ಯ ಇಂಜಿನಿಯರ್ ತತ್ಸುವೊ ಹಾಸೆಗಾವಾ, ಆ ಮನುಷ್ಯ ಯುದ್ಧದ ಕಾಲದಲ್ಲಿ ಏನು ಮಾಡ್ತಿದ್ರು ಗೊತ್ತಾ, ಯುದ್ಧವಿಮಾನ ಡಿಸೈನ್ ಮಾಡ್ತಿದ್ರು! ಆಕಾಶದಲ್ಲಿ ಎತ್ತರಕ್ಕೆ ಹಾರಿ ಶತ್ರು ವಿಮಾನ ಹೊಡೆದುರುಳಿಸೋ ಯಂತ್ರ ಬರೀತಿದ್ದ ಕೈ, ಯುದ್ಧ ಮುಗಿದ ಮೇಲೆ ಸಂಸಾರಸ್ಥರ ಕಾರು ಬರೀತು. ಅವರದ್ದೊಂದು ಸೂತ್ರ ಇತ್ತು, 80 ಅಂಕ ಪ್ಲಸ್ ಆಲ್ಫಾ ಅಂತ. ಕಾರು ಎಲ್ಲಾ ಸಬ್ಜೆಕ್ಟಲ್ಲೂ 80 ತಗೋಬೇಕು, ಯಾವುದರಲ್ಲೂ ಫೇಲ್ ಆಗಬಾರ್ದು, ಒಂದೆರಡರಲ್ಲಿ ಮಾತ್ರ ಅದಕ್ಕಿಂತ ಮೇಲೆ ಹೋಗ್ಬೇಕು. ಕ್ಲಾಸಲ್ಲಿ ಇಂಥ ಹುಡುಗ್ರು ಇರ್ತಿದ್ರಲ್ಲ, ಫಸ್ಟ್ ರ್‍ಯಾಂಕೂ ಬರಲ್ಲ, ಬೆಂಚ್ ಮೇಲೂ ನಿಲ್ಲಲ್ಲ, ವರ್ಷದ ಕೊನೇಲಿ ಮೇಷ್ಟ್ರಿಗೆ ಹೆಸರೇ ನೆನಪಿರಲ್ಲ. ಆ ಹುಡುಗ 2021ರ ಹೊತ್ತಿಗೆ 5 ಕೋಟಿ ಮಾರಾಟ ಆಗಿದ್ದ.

ಒಳಗೆ ಏನೂ ನಡೀತಿಲ್ಲ ಅಂತಲ್ಲ. ಒಂದ್ಸಲ ಖಾಲಿ ಹೈವೇಲಿ ಹೋಗ್ತಾ ಬೇಜಾರಾಗಿ ಮನಸ್ಸಲ್ಲೇ ಲೆಕ್ಕ ಹಾಕ್ದೆ. ನಾಲ್ಕು ಸಿಲಿಂಡರಿನ ಇಂಜಿನ್, ಅದು ಎರಡು ಸುತ್ತು ತಿರುಗೋದ್ರಲ್ಲಿ ಒಂದೊಂದು ಸಿಲಿಂಡರಲ್ಲೂ ಒಂದ್ಸಲ ಪೆಟ್ರೋಲಿಗೆ ಬೆಂಕಿ ಹತ್ಕೊಳ್ಳುತ್ತೆ, ನಿಮಿಷಕ್ಕೆ 2,000 ಸುತ್ತು ಅಂದ್ರೂ 4,000 ಸಲ ಆಯ್ತು, ಗಂಟೆಗೆ 2,40,000. ನನ್ನ ಕಾಲಿಂದ ಒಂದು ಮೀಟರ್ ದೂರದಲ್ಲಿ ಗಂಟೆಗೆ ಎರಡು ಲಕ್ಷದ ನಲವತ್ತು ಸಾವಿರ ಸಲ ಬೆಂಕಿ ಬೀಳ್ತಿದೆ, ನಾನಿಲ್ಲಿ ಆಕಳಿಸ್ತಾ ಎಸಿ ಒಂದು ಪಾಯಿಂಟ್ ಕಮ್ಮಿ ಮಾಡ್ಲಾ ಬೇಡ್ವಾ ಅಂತ ಯೋಚನೆ ಮಾಡ್ತಿದ್ದೀನಿ.

ಅದಕ್ಕಿಂತ ತಮಾಷೆ ಟೆಂಪರೇಚರ್ ಮುಳ್ಳಿಂದು. ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತಿಗೆ ಅದು ನಡುಮಧ್ಯಕ್ಕೆ ಬಂದು ಕೂರುತ್ತೆ, ಆಮೇಲೆ ಅಲ್ಲಾಡಲ್ಲ. ಟ್ರಾಫಿಕ್ಕಲ್ಲಿ ಅರ್ಧ ಗಂಟೆ ನಿಂತ್ರೂ ಅಲ್ಲೇ, ಏರು ಹತ್ತಿದ್ರೂ ಅಲ್ಲೇ. ಎಂಥಾ ಸ್ಥಿತಪ್ರಜ್ಞ ಇಂಜಿನ್ ಅಂತ ವರ್ಷಗಟ್ಟಲೆ ಹೆಮ್ಮೆ ಪಟ್ಟಿದ್ದೆ. ಆಮೇಲೆ ಗೊತ್ತಾಯ್ತು, ಅದು ಬೇಕಂತಲೇ ಹಂಗೆ ಮಾಡಿರೋದು. ಒಳಗೆ ಕೂಲಂಟಿನ, ಅಂದ್ರೆ ಇಂಜಿನ್ ತಂಪು ಮಾಡೋ ದ್ರವದ, ಬಿಸಿ ಹತ್ತಿಪ್ಪತ್ತು ಡಿಗ್ರಿ ಮೇಲೆ ಕೆಳಗೆ ಆಗ್ತಾನೇ ಇರುತ್ತೆ, ಅದನ್ನೆಲ್ಲ ತೋರಿಸಿದ್ರೆ ಓನರು ಗಾಬರಿಯಾಗಿ ಗ್ಯಾರೇಜಿಗೆ ಓಡ್ತಾನೆ ಅಂತ, ಮಾಮೂಲಿ ಏರಿಳಿತ ಇದ್ದಷ್ಟು ಹೊತ್ತೂ ಮುಳ್ಳು ಮಧ್ಯದಲ್ಲೇ ಇರೋ ಹಾಗೆ ಈಗಿನ ಎಷ್ಟೋ ಕಾರುಗಳಲ್ಲಿ ಸೆಟ್ ಮಾಡಿರ್ತಾರೆ. ಅಂದ್ರೆ ಕಾರು ನಂಗೆ ಸುಳ್ಳು ಹೇಳ್ತಿತ್ತು. ನಮ್ಮಮ್ಮನಿಗೆ ಜ್ವರ ಬಂದಾಗ ಫೋನ್ ಮಾಡಿದ್ರೆ "ಏನಿಲ್ಲ, ಆರಾಮಿದೀನಿ, ಊಟ ಆಯ್ತಾ?" ಅಂತಾರಲ್ಲ, ಥೇಟ್ ಅದೇ ಥರ. ಗೊತ್ತಾದ ದಿನ ಒಂಚೂರು ಕೋಪ ಬಂತು, ಆಮೇಲೆ ಬಾನೆಟ್ ಎತ್ತಿ ಕೂಲಂಟ್ ಲೆವೆಲ್ ನೋಡ್ದೆ. ಸರಿಯಾಗೇ ಇತ್ತು.

ಸರ್ವೀಸಿಗೆ ಬಿಟ್ಟಾಗಲೂ ಇದೇ ಕಥೆ. ಸಂಜೆ ಹೋಗಿ ಏನಾಗಿತ್ತು ಅಂದ್ರೆ ಮೆಕ್ಯಾನಿಕ್ ತಲೆ ಕೂಡಾ ಎತ್ತದೇ "ಏನಿಲ್ಲ ಸಾರ್, ಆಯಿಲ್ಲು, ಫಿಲ್ಟರು" ಅಂತಾನೆ. ಪಕ್ಕದಲ್ಲಿ ಯಾರದ್ದೋ ಕೆಂಪು ಕಾರು ಹೊಟ್ಟೆ ಬಿಚ್ಕೊಂಡು ಲಿಫ್ಟ್ ಮೇಲೆ ನಿಂತಿರುತ್ತೆ, ಅದರ ಸುತ್ತ ಮೂರು ಜನ, ಏನು ಚರ್ಚೆ, ಏನು ಟಾರ್ಚು, ಅದರ ಓನರಿಗಂತೂ ಕುರ್ಚಿ ಬೇರೆ. ಆರೋಗ್ಯವಾಗಿದ್ದೀನಿ ಅಂತ ಡಾಕ್ಟ್ರು ಎರಡೇ ನಿಮಿಷಕ್ಕೆ ಹೊರಗೆ ಕಳಿಸಿದಾಗ ಖುಷಿ ಜೊತೆ ಸಣ್ಣ ಅವಮಾನನೂ ಆಗುತ್ತಲ್ಲ, ಅಂಥದ್ದು.

ಹನ್ನೊಂದು ವರ್ಷದಲ್ಲಿ ಒಂದೇ ಒಂದ್ಸಲ ಸ್ಟಾರ್ಟ್ ಆಗ್ಲಿಲ್ಲ, ಅದೂ ಅದರ ತಪ್ಪಲ್ಲ. ಹಿಂದಿನ ರಾತ್ರಿ ಹೆಡ್‌ಲೈಟ್ ಆಫ್ ಮಾಡದೇ ಇಳಿದಿದ್ದೆ, ಪಾಪ ಬಾಗಿಲು ತೆಗೆದಾಗ ಅದು ಕೀಂಯ್ ಕೀಂಯ್ ಅಂತ ಬಡ್ಕೊಂಡಿತ್ತು, ನಾನು ಫೋನಲ್ಲಿ ಯಾರಿಗೋ ಜವಾಬ್ದಾರಿ ಬಗ್ಗೆ ಭಾಷಣ ಮಾಡ್ತಿದ್ದೆ. ಬೆಳಿಗ್ಗೆ ಬ್ಯಾಟರಿ ಸತ್ತಿತ್ತು. ಪಕ್ಕದ ಮನೆಯವರ ಕಾರಿಂದ ವಯರ್ ಹಾಕಿದ ತಕ್ಷಣ, ಒಂದು ಕೆಮ್ಮೂ ಇಲ್ದೆ ಎದ್ದು ಆಫೀಸಿಗೆ ಕರ್ಕೊಂಡು ಹೋಯ್ತು.

ಹೋದ ವಾರ ಮಾಲ್ ಪಾರ್ಕಿಂಗಿಗೆ ಎರಡೂ ಕೈಯಲ್ಲಿ ಚೀಲ ಹಿಡ್ಕೊಂಡು ಬಂದೆ, ರಿಮೋಟ್ ಒತ್ತಿದ್ರೆ ಬಾಗಿಲು ತೆಗೀತಿಲ್ಲ. ಮತ್ತೆ ಒತ್ತಿದೆ, ಇಲ್ಲ. ಹ್ಯಾಂಡಲ್ ಹಿಡಿದು ಎಳೆದೆ, ಡಿಕ್ಕಿ ಎತ್ತೋಕೆ ನೋಡ್ದೆ, ಊಹೂಂ. ಸುಳ್ಳು ಯಾಕೆ ಹೇಳ್ಲಿ, ಒಳಗೊಳಗೇ ಖುಷಿಯಾಯ್ತು, ಅಂತೂ ಕೆಟ್ಟಿತಪ್ಪಾ, ಸ್ನೇಹಿತರಿಗೆ ಹೇಳೋಕೊಂದು ಕಥೆ ಸಿಕ್ತು ಅಂತ. ಅಷ್ಟರಲ್ಲಿ ಹಿಂದಿನಿಂದ ಯಾರೋ ಮೆಲ್ಲಗೆ "ಸಾರ್, ಇದು ನಂದು. ನಿಮ್ದು ಅಲ್ಲಿರ್ಬೇಕು, ಆಗ್ಲಿಂದ ಲೈಟ್ ಮಿನುಗ್ತಿದೆ ನೋಡಿ" ಅಂದ್ರು. ಎರಡು ಸಾಲು ಆಚೆ, ನಾನು ಒತ್ತಿದಾಗೆಲ್ಲ ಅದು ಓಗೊಡ್ತಾನೇ ಇತ್ತು. ಅದೇ ಬೂದು, ಅದೇ ಮಾಡೆಲ್ಲು.

"ಎಷ್ಟು ವರ್ಷ ಆಯ್ತು ತಗೊಂಡು?" ಅಂತ ಅವರು ಕೇಳಿದ್ರು.

"ಹನ್ನೊಂದು. ನಿಮ್ದು?"

"ಹನ್ನೆರಡು. ಏನಾದ್ರೂ ಪ್ರಾಬ್ಲಂ?"

"ಏನಿಲ್ಲ. ನಿಮ್ಗೆ?"

"ಏನಿಲ್ಲ."

ಇಬ್ರೂ ಇನ್ನೊಂದು ಸ್ವಲ್ಪ ಹೊತ್ತು ನಿಂತ್ವಿ. ಮಾತಾಡೋಕೆ ಬೇರೆ ಏನೂ ಇರ್ಲಿಲ್ಲ.